ಹತ್ತು ಹೆಜ್ಜೆ ತಪ್ಪು ದಾರಿ

ಬೆಳಗಿನ ಐದೂಮುಕ್ಕಾಲು. ಬೇಕರಿಯ ಶಟರ್ ಇನ್ನೂ ಅರ್ಧವೇ ಮೇಲೆದ್ದಿದೆ. ಅದರೆದುರು ನಾಲ್ಕು ದಾರಿ ಕೂಡುವಲ್ಲಿ ಎತ್ತರದ ಮುದುಕರೊಬ್ಬರು ಬಲಗಾಲು ಮುಂದಿಟ್ಟು ಹಾಗೇ ನಿಂತುಬಿಟ್ಟಿದ್ದಾರೆ. ಅವರ ಒಂದು ಮೊಳ ಹಿಂದೆ, ಕೈಕಟ್ಟಿಕೊಂಡು, ಐವತ್ತು ದಾಟಿದ ಒಬ್ಬ ಹೆಂಗಸು.

"ಈಗ ಯಾವ ಕಡೆ, ಯಜಮಾನ್ರೇ?"

ಮುದುಕರು ಎಡಕ್ಕೆ ನೋಡುತ್ತಾರೆ, ಬಲಕ್ಕೆ ನೋಡುತ್ತಾರೆ. ತುಟಿ ಅಲುಗುತ್ತದೆ. ಇನ್ನೇನು ಮಾತು ಹೊರಡಬೇಕು, ಅಷ್ಟರಲ್ಲಿ ಶಟರಿನ ಕೆಳಗಿಂದ ಬೇಕರಿಯವನ ತಲೆ ತೂರಿ ಬರುತ್ತದೆ.

"ಬಲಕ್ಕೆ ಅಜ್ಜಾ, ಬಲಕ್ಕೆ! ನಿಮ್ಮನೆ ಬಲಕ್ಕಲ್ವಾ?"

ಹೆಂಗಸು ಹಣೆ ಹಣೆ ಚಚ್ಚಿಕೊಳ್ಳುತ್ತಾರೆ. "ನಿನ್ನ ಕೇಳಿದ್ನೇನಪ್ಪಾ ನಾನು? ಸುಮ್ನಿರು ಅಂತ ದಿನಾ ಹೇಳ್ತೀನಿ, ಒಂದಿನಾನೂ ನೆನಪಿರಲ್ವಲ್ಲ. ಮರೆವು ಅವರಿಗಾ, ನಿಂಗಾ?"

ಈ ಬೀದಿಗಳಲ್ಲಿ ಇವರನ್ನು ಎಲ್ಲರೂ ಹತ್ತುಹೆಜ್ಜೆ ಅಕ್ಕ ಎನ್ನುತ್ತಾರೆ. ಸಣ್ಣಪುಟ್ಟ ಮರೆವು ಶುರುವಾದ ಹಿರಿಯರನ್ನು ನಡೆಸಿಕೊಂಡು ಬರುವುದು ಇವರ ಕೆಲಸ. ಬೆಳಕು ಹರಿಯುವ ಮೊದಲು ಮನೆ ಬಿಟ್ಟರೆ ಮಧ್ಯಾಹ್ನದೊಳಗೆ ಐದು ಮನೆ, ಐದು ಮಂದಿ, ಹೆಚ್ಚುಕಮ್ಮಿ ಹನ್ನೊಂದು ಕಿಲೋಮೀಟರ್. ನಾಲ್ಕು ತಿಂಗಳಿಗೊಂದು ಜೊತೆ ಬೂಟು ಸವೆಯುತ್ತದೆ. ಎಡ ಮಂಡಿಗೆ ಪಟ್ಟಿ ಬಿಗಿದಿರುತ್ತಾರೆ. "ನಡೀರಿ ನಡೀರಿ ಅಂತ ಊರಿಗೆಲ್ಲ ಹೇಳೋಳ ಮಂಡೀನೇ ಹೋಗಿದೆ ನೋಡಿ," ಎಂದು ತಮ್ಮ ಮೇಲೇ ರೇಗಿಕೊಳ್ಳುತ್ತಾರೆ.

ಇದಕ್ಕೆ ಮೊದಲು ಹದಿನೇಳು ವರ್ಷ ಆಸ್ಪತ್ರೆಯಲ್ಲಿ ಗಾಲಿಕುರ್ಚಿ ತಳ್ಳಿದವರು. "ಗಟ್ಟಿ ಕಾಲಿದ್ದೋರನ್ನೂ ಕೂರಿಸಿ ತಳ್ಳು ಅನ್ನೋರು. ಬೇಗ ಆಗುತ್ತಂತೆ. ನಾನು ಇಳಿಸಿ ನಡೆಸ್ತಿದ್ದೆ. ಬೈಸ್ಕೋತಿದ್ದೆ." ಬೈಸಿಕೊಳ್ಳುವುದನ್ನು ನೋಡಿದ ಮರೆವಿನ ವಿಭಾಗದ ಡಾಕ್ಟರಮ್ಮ, ಇಂಥವಳೇ ನನಗೆ ಬೇಕು ಎಂದು ಕರೆದುಕೊಂಡರಂತೆ. ಅದಕ್ಕೀಗ ಆರು ವರ್ಷ.

ನಡೆದರೆ ಹೋದ ನೆನಪು ವಾಪಸು ಬರುತ್ತದೆಯೇ ಎಂದು ಎಲ್ಲ ಮನೆಯವರೂ ಕೇಳುತ್ತಾರೆ. ಅಕ್ಕನಿಗೆ ಆ ಪ್ರಶ್ನೆ ಕೇಳಿದರೇ ಮೈ ಉರಿಯುತ್ತದೆ. "ಹಾಗಂತ ಡಾಕ್ಟರಮ್ಮ ಯಾವತ್ತೂ ಹೇಳಿಲ್ಲ. ಇರೋದು ಇನ್ನಷ್ಟು ದಿನ ಉಳೀಬಹುದು ಅಂತಾರೆ. ಉಳೀಬಹುದು, ಅಷ್ಟೇ. ಅದೇನು ಕಡಿಮೇನಾ?"

ಹತ್ತು ಹೆಜ್ಜೆಯ ಕಟ್ಟಳೆ ಮಾತ್ರ ಡಾಕ್ಟರಮ್ಮನದಲ್ಲ, ಅಕ್ಕನದೇ. ಹುಟ್ಟಿದ್ದು ತಪ್ಪಿನಿಂದ. ಮೊದಲ ವರ್ಷ ಬಟ್ಟೆ ಹೊಲಿಯುವ ಅಜ್ಜಿಯೊಬ್ಬರು ಯಾವುದೋ ಸಂದಿಗೆ ನುಗ್ಗಿದರು. ಇವರು ರಟ್ಟೆ ಹಿಡಿದು ಎಳೆದು ತಂದರು. ಅಜ್ಜಿ ಮನೆ ಮುಟ್ಟುವವರೆಗೂ ಅತ್ತರು. ಮಾರನೇ ದಿನ ನೋಡಿದರೆ ಆ ಸಂದಿ ಅಜ್ಜಿಯ ಹಿತ್ತಿಲ ಬಾಗಿಲಿಗೇ ಹೋಗುವ ಒಳದಾರಿ! "ನಂಗೆ ಗೊತ್ತಿರಲಿಲ್ಲ, ಅವರಿಗೆ ಗೊತ್ತಿತ್ತು. ನಾಚಿಕೆಯಾಗೋಯ್ತು." ಅಂದಿನಿಂದ ಮೂಲೆ ಬಂದಾಗ ಅವರೇ ದಾರಿ ಹೇಳಬೇಕು. ತಪ್ಪಿದರೂ ಹತ್ತು ಹೆಜ್ಜೆ ಬಾಯಿ ಮುಚ್ಚಿಕೊಂಡು ಹಿಂದೆ ನಡೆಯುವುದು. ಹನ್ನೊಂದನೆಯದಕ್ಕೆ ಮಾತ್ರ ಮಾತು.

ಆದರೆ ಬಾಯಿ ಮುಚ್ಚಿಕೊಳ್ಳುವುದು ಉಳಿದವರಿಗೆ ಬರಬೇಕಲ್ಲ! ಹಾಲಿನವನು ಹೇಳಿಕೊಡುತ್ತಾನೆ, ಕಸ ಗುಡಿಸುವವಳು ಹೇಳಿಕೊಡುತ್ತಾಳೆ, ಗೊತ್ತೇ ಇಲ್ಲದ ಸೈಕಲ್ ಸವಾರ ಬ್ರೇಕ್ ಹಾಕಿ ಹೇಳಿಕೊಡುತ್ತಾನೆ.

ಇವತ್ತು ಬೇಕರಿಯವನ ಮೇಲೆ ಅಷ್ಟೊಂದು ಸಿಟ್ಟು ಬರಲು ಬೇರೆ ಕಾರಣವೂ ಇದೆ. ಇಪ್ಪತ್ತು ಹೆಜ್ಜೆ ಹಿಂದೆ, ಕರೆಂಟು ಕಂಬದ ಮರೆಯಲ್ಲಿ, ಮುದುಕರ ಮಗಳು ನಿಂತಿದ್ದಾಳೆ.

ಮುದುಕರು ಮೂವತ್ತನಾಲ್ಕು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಮೂರು ವಾರದ ಹಿಂದೆ ಪೇಪರ್ ತರಲು ಒಬ್ಬರೇ ಹೋಗಿ, ಎರಡು ತಾಸು ಕಾಣದೆ, ಕೊನೆಗೆ ಈಗ ಬಸ್ಸೇ ಬಾರದ ಹಳೆಯ ನಿಲ್ದಾಣದಲ್ಲಿ ಸಿಕ್ಕಿದರು. ಮಗಳು ಗೇಟಿಗೆ ಬೀಗ ಜಡಿದಳು. "ಇನ್ಮೇಲೆ ತಾರಸಿ ಮೇಲೇ ನಡೆಸಿ ಅಕ್ಕ. ನಲವತ್ತು ಸುತ್ತು. ನಡೆದಂಗೂ ಆಯ್ತು, ಭಯಾನೂ ಇಲ್ಲ."

ಅಕ್ಕ ನಡೆಸಿದರು. ಕಂಡಕ್ಟರು ನೀರಿನ ತೊಟ್ಟಿಯಿಂದ ಬಟ್ಟೆ ಹಗ್ಗಕ್ಕೆ, ಹಗ್ಗದಿಂದ ತೊಟ್ಟಿಗೆ ನಡೆದರು. ಐದನೇ ದಿನ ಮಾತು ನಿಂತಿತು. ಒಂಬತ್ತನೇ ದಿನ, "ಡಿಪೋದೊಳಗೇ ಸುತ್ತೋ ಗಾಡಿಗೆ ಕಂಡಕ್ಟರ್ ಯಾಕಮ್ಮಾ?" ಎಂದು ನೆಲದ ಮೇಲೆ ಕೂತುಬಿಟ್ಟರು. ಅಕ್ಕ ನೇರ ಕೆಳಗಿಳಿದು ಮಗಳ ಜೊತೆ ಜಗಳಕ್ಕೆ ನಿಂತರು. ಜಗಳ ಒಂದು ಒಪ್ಪಂದದಲ್ಲಿ ಮುಗಿಯಿತು: ಪಾರ್ಕಿನಿಂದ ಮನೆಗೆ, ಯಾರೂ ಹೇಳಿಕೊಡದೆ ಅಪ್ಪ ದಾರಿ ಹಿಡಿದರೆ ಬೀದಿ. ಇಲ್ಲದಿದ್ದರೆ ತಾರಸಿಯೇ ಗತಿ. ಇವತ್ತೇ ಆ ಪರೀಕ್ಷೆ.

"ಬೇಕರಿದು ಲೆಕ್ಕಕ್ಕಿಲ್ಲ ಅಕ್ಕ," ಹಿಂದಿನಿಂದ ಅಕ್ಕನ ಪಕ್ಕಕ್ಕೆ ಬಂದು ಮಗಳು ಪಿಸುಗುಡುತ್ತಾಳೆ.

"ಬೇಡಮ್ಮಾ, ಬೇಡ. ಮುಂದಿನದು ನೋಡು."

ಮುಂದಿನದು ಇಸ್ತ್ರಿ ಅಂಗಡಿಯ ಮೂಲೆ. ಮನೆ ಇರುವುದು ಬಲಕ್ಕೆ. ಪ್ರಶ್ನೆ ಮುಗಿಯುವ ಮೊದಲೇ ಕಂಡಕ್ಟರು ಎಡಕ್ಕೆ ಹೊರಡುತ್ತಾರೆ, ಬೀಸುಗಾಲು ಹಾಕಿಕೊಂಡು, ಪೂರಾ ಧೈರ್ಯವಾಗಿ.

"ಅಪ್..." ಮಗಳ ಬಾಯಿಂದ ಅರ್ಧ ಹೊರಟಿದ್ದನ್ನು ಅಕ್ಕ ಅವಳ ಮುಂಗೈ ಅದುಮಿ ಅಲ್ಲೇ ತಡೆಯುತ್ತಾರೆ. ಇಸ್ತ್ರಿಯವನು ಬಾಯಿ ತೆರೆಯುತ್ತಾನೆ. ಅಕ್ಕನ ಕಣ್ಣು ನೋಡಿ ಮುಚ್ಚುತ್ತಾನೆ. ಮೂರು. ನಾಲ್ಕು. ಐದು. ಆರು. ಏಳು. ಎಂಟು.

ಕಂಡಕ್ಟರು ನಿಲ್ಲುತ್ತಾರೆ. ತಲೆಯೆತ್ತಿ ಮುಂದೆ ನೋಡುತ್ತಾರೆ. ನಿಧಾನವಾಗಿ ತಿರುಗಿ, ಮನೆಗಳ ಮೇಲೆ ಎದ್ದು ನಿಂತ ನೀಲಿ ನೀರಿನ ಟ್ಯಾಂಕನ್ನು ನೋಡುತ್ತಾರೆ.

"ಏನಮ್ಮಾ ಇದು? ಟ್ಯಾಂಕು ಮುಂದೆ ಬರ್ಬೇಕು, ಬೆನ್ನ ಹಿಂದೆ ಹೋಗಿದೆಯಲ್ಲ. ಇದು ನಮ್ಮ ರೂಟಲ್ಲ." ಆಮೇಲೆ ಗದರುತ್ತಾರೆ: "ನೀನಾದ್ರೂ ಹೇಳ್ಬಾರ್ದಾ?"

"ತಪ್ಪಾಯ್ತು, ಯಜಮಾನ್ರೇ," ಎನ್ನುತ್ತಾರೆ ಅಕ್ಕ.

ಹಿಂದಿರುಗುವಾಗ ಕಂಡಕ್ಟರಿಗೆ ಮಗಳು ಎದುರಾಗುತ್ತಾಳೆ. "ನೀನೆಲ್ಲಿ ಹತ್ತಿದ್ಯೇ? ಟಿಕೆಟ್ ಆಯ್ತಾ?" ಮಗಳಿಗೆ ನಗುವೋ ಅಳುವೋ ತಿಳಿಯುವುದಿಲ್ಲ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾಳೆ. ಗೇಟಿನ ಹತ್ತಿರ, ಅಪ್ಪ ಒಳಗೆ ಹೋದ ಮೇಲೆ, ಬೀಗದ ಕೈಯೊಂದನ್ನು ಗೊಂಚಲಿನಿಂದ ಬಿಡಿಸಿ ಅಕ್ಕನಿಗೆ ಕೊಡುತ್ತಾಳೆ. "ನಾಳೆ ನೀವೇ ತೆಗೆದು ಕರ್ಕೊಂಡು ಹೋಗಿ. ಆದ್ರೆ ಅಕ್ಕ, ಹತ್ತು ಹೆಜ್ಜೆಯೊಳಗೆ ತಿರುಗದೇ ಇದ್ರೆ?"

"ಹನ್ನೆರಡು ಕೊಡೋಣ. ಅದೂ ಸಾಲ್ದಿದ್ರೆ ಹದಿನೈದು. ನಾನು ಹಿಂದೇನೇ ಇರ್ತೀನಲ್ಲ."

ಗಂಟೆ ಆರೂಕಾಲು. ಹೊಲಿಗೆ ಅಜ್ಜಿ ಆಗಲೇ ಬೂಟು ಅದಲುಬದಲು ಹಾಕಿಕೊಂಡು ಮೆಟ್ಟಿಲ ಮೇಲೆ ಕಾಯುತ್ತಿರುತ್ತಾರೆ. ಅಕ್ಕ ಬಿರಬಿರನೆ ನಡೆಯುತ್ತ ಬೇಕರಿ ದಾಟುತ್ತಾರೆ. ಬೇಕರಿಯವನು ಕೈಬೀಸುತ್ತಾನೆ; ಅವರು ತಿರುಗಿಯೂ ನೋಡುವುದಿಲ್ಲ.

ಇಷ್ಟು ವರ್ಷದ ಈ ಕೆಲಸಕ್ಕೆ ಏನಾದರೂ ಸಿಗಬೇಕು ಅನಿಸುತ್ತದೆಯೇ ಎಂದರೆ, ಮಂಡಿಯ ಪಟ್ಟಿ ಸರಿಮಾಡಿಕೊಳ್ಳುತ್ತಾರೆ.

"ನಂಗೇನು ಬೇಕು? ಆ ಬೇಕರಿಯವನು ಏಳು ಗಂಟೆಗೆ ಅಂಗಡಿ ತೆಗೆದ್ರೆ ಸಾಕು."