ಸ್ಟೇರಿಂಗ್ ಲೂಜೋ, ನನ್ನ ಕೈ ಲೂಜೋ

ಟ್ರ್ಯಾಕ್ಟರ್ ಮೇಲೆ ಹೆಂಗಸು ಕೂತರೆ ನಮ್ಮ ಮನೆಯವರಿಗೆ ನಗು ಬರುತ್ತದೆ. ಬೇರೆ ಹೆಂಗಸರನ್ನು ಕಂಡರೆ ಮೀಸೆಯೊಳಗೇ ನಗುತ್ತಾರೆ, ನನ್ನನ್ನು ಕಂಡರೆ ಊರಿಗೆಲ್ಲ ಕೇಳುವಂತೆ ನಗುತ್ತಾರೆ. ಗಡಿಯಾಚೆ ತೆಲುಗು ಸೀಮೆಯ ಝರಾಸಂಗಂ ಹತ್ತಿರ ನನ್ನಪ್ಪ ನನ್ನ ಹೆಸರಿಗೆ ಬರೆದುಕೊಟ್ಟ ತೊಗರಿ ಹೊಲವಿದೆ. ಹೊಲಕ್ಕೊಂದು ಮಿನಿ ಟ್ರ್ಯಾಕ್ಟರ್ ಇದೆ. ಅವರಿಗೆ ಜಹೀರಾಬಾದಿನಲ್ಲಿ ಗೊಬ್ಬರದಂಗಡಿ. ಬಿತ್ತನೆಯ ದಿನಗಳಲ್ಲಿ ಅಂಗಡಿ ಬಿಟ್ಟು ಅಲ್ಲಾಡಲು ಅವರಿಗೆ ಪುರುಸೊತ್ತಿಲ್ಲ, ಹೊಲದ ಕಳೆ ಮಾತ್ರ ಯಾರ ಪುರುಸೊತ್ತಿಗೂ ಕಾಯುವುದಿಲ್ಲ. ಹಿಂದೆ ರವಿವಾರಕ್ಕೊಮ್ಮೆ ಅವರೇ ಗಾಡಿ ಹೊಡೆಯುತ್ತಿದ್ದರು, ಈಗ ಅದು ಸಾಲದಾಯಿತು. ಹಾಗಾಗಿ ಎಡೆ ಹೊಡೆಯುವುದನ್ನು, ಅಂದರೆ ತೊಗರಿಯ ಸಾಲುಗಳ ನಡುವೆ ಕುಂಟೆ ಎಳೆದು ಕಳೆ ತೆಗೆಯುವುದನ್ನು, ನಾನೇ ಕಲಿತೆ.

ಕಲಿತೆ ಎಂದರೆ ಕಲಿಯಲು ಒದ್ದಾಡಿದೆ. ನಾನು ಹೊಡೆದ ಕಡೆಯೆಲ್ಲ ಗಾಡಿ ಒಮ್ಮೆ ಆಚೆಗೆ, ಒಮ್ಮೆ ಈಚೆಗೆ. ಕುಂಟೆಗೆ ಸಿಕ್ಕ ಸಸಿಗಳು ಬುಡಸಮೇತ ಕಿತ್ತು ಬರುತ್ತಿದ್ದವು. ಒಂದು ರವಿವಾರ ಅವರು ಬಂದು ನೋಡಿದರು.

"ಏ, ಇದು ಎಡಿ ಹೊಡ್ಯಾದೋ, ತೊಗರಿ ಕೀಳಾದೋ? ಕಣ್ಣರ ಕಾಣ್ತಾವೋ ಇಲ್ಲೋ ನಿನಗ?"

"ಸ್ಟೇರಿಂಗ್ ಲೂಜ್ ಅದರೀ. ತಿರುವಿದ್ರ ಗಾಲಿ ತಿರಗಲ್ಲ, ತಿರಗಿದ್ರ ನಿಲ್ಲಲ್ಲ."

"ನಾ ಇಷ್ಟು ವರ್ಷ ಹೊಡದೀನಿ, ನನಗ ಒಂದಿನಾನೂ ಲೂಜ್ ಅನಿಸಿಲ್ಲ. ಲೂಜ್ ಇರಾದು ನಿನ್ನ ಕೈ" ಎಂದು ತಾವೇ ಹತ್ತಿ ಒಂದು ಸಾಲು ಹೊಡೆದು ತೋರಿಸಿದರು. ಹಾಳಾದ ಗಾಡಿ, ಅವರ ಕೈಯಲ್ಲಿ ನೂಲು ಹಿಡಿದಂತೆ ಹೋಯಿತು! ನನಗೆ ಅಳು ಬರುವುದೊಂದು ಬಾಕಿ. ಇಳಿದು ಬಂದವರು ಧೋತರ ಝಾಡಿಸುತ್ತ ತೀರ್ಪು ಕೊಟ್ಟರು. "ಇನ್ನೊಂದು ಸಾಲು ಕಿತ್ತಿದಿ ಅಂದ್ರ ಹೊಲ ನಮ್ಮಣ್ಣಗ ಪಾಲಿಗಿ ಹಾಕಿಬಿಡ್ತೀನಿ. ನೀ ಆರಾಮ ಮನ್ಯಾಗ ಕೂಡು."

ಆರಾಮವಂತೆ! ಮೈಯೆಲ್ಲ ಉರಿದುಹೋಯಿತು. ಭಾವನವರ ಕೈಗೆ ಪಾಲಿಗೆಂದು ಹೋದ ಹೊಲ ತಿರುಗಿ ಬಂದದ್ದನ್ನು ನಮ್ಮ ಮನೆತನದಲ್ಲಿ ಯಾರೂ ಕಂಡಿಲ್ಲ. ಅಪ್ಪ ಕೊಟ್ಟದ್ದೆಂದು ನನಗೆ ಉಳಿದಿರುವುದು ಅದೊಂದೇ.

ಮರುದಿನ ಅವರು ಅಂಗಡಿಗೆ ಹೋದ ಮೇಲೆ ನಾನು ಗಾಡಿಯ ಮುಂದೆ ಮೊಣಕಾಲೂರಿ ಕೂತೆ. ಮುಂದಿನ ಎರಡೂ ಗಾಲಿಗಳನ್ನು ಜೋಡಿಸುವ ಒಂದು ಅಡ್ಡ ರಾಡು ಇರುತ್ತದೆ. ಅದರ ಎರಡು ತುದಿಗೂ ಒಂದೊಂದು ಗುಂಡು ಜಾಯಿಂಟು. ರಾಡು ಹಿಡಿದು ಅಲುಗಾಡಿಸಿದರೆ ಎರಡೂ ಜಾಯಿಂಟು ಲಟಲಟ ಎನ್ನುತ್ತಿದ್ದವು. ಇದನ್ನು ನೋಡಲು ಕಣ್ಣು ಸಾಕು, ಮೀಸೆ ಬೇಕಿಲ್ಲ.

ಊರಿನ ಕ್ರಾಸಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಒಬ್ಬ ಮಿಸ್ತ್ರಿ ಇದ್ದಾನೆ. ಅವನು ಬಗ್ಗಿ ನೋಡಿ, "ಪೂರಾ ಖತಮ್ ಆಗ್ಯಾವ ಅಕ್ಕಾ. ಹೊಸಾವು ತರ್ರಿ, ಹಾಕಿಕೊಡ್ತೀನಿ" ಎಂದ. ಜಹೀರಾಬಾದಿಗೆ ಹೋದೆ, ನಮ್ಮ ಅಂಗಡಿಯಿರುವ ರಸ್ತೆ ತಪ್ಪಿಸಿ. ಬಿಡಿಭಾಗದ ಅಂಗಡಿಯವನು ನನ್ನನ್ನು ನೋಡಿದ, ನನ್ನ ಹಿಂದೆ ಯಾರಾದರೂ ಗಂಡಸರಿದ್ದಾರೇನೋ ಎಂದು ನೋಡಿದ. "ಸಾಹುಕಾರ್ರಿಗಿ ಕಳಸ್ರಿ ಅಮ್ಮಾ, ಇವೆಲ್ಲ ನಿಮಗ ತಿಳ್ಯಾಂಗಿಲ್ಲ." "ಸಾಹುಕಾರ್ರಿಗಿ ತಿಳಿದಿದ್ರ ನಾ ಯಾಕ ಬರ್ತಿದ್ದೆ?" ಎಂದೆ. ಅವನು ಎರಡು ಜಾಯಿಂಟು ಕಟ್ಟಿಕೊಟ್ಟ.

ಹಳೆಯವನ್ನು ಬಿಚ್ಚುವುದೇ ಒಂದು ಯುದ್ಧವಾಯಿತು. ಪಿನ್ನು ತುಕ್ಕು ಹಿಡಿದು ಮುರಿಯಿತು. ನಟ್ಟು ಬಂತು, ಜಾಯಿಂಟು ಬರಲಿಲ್ಲ. ಮಿಸ್ತ್ರಿ ಡೀಸೆಲ್ ಸುರಿದ, ಕಾಯಿಸಿದ, ಸುತ್ತಿಗೆಯಿಂದ ಹೊಡೆದ, ಬೈದ. ಕಡೆಗೆ ಎರಡೂ ಬಂದವು, ಒಂದು ಏಟಿಗೆ ಒಡೆದೇ ಬಂತು. ಹೊಸದರಲ್ಲಿ ಒಂದು ಸಲೀಸಾಗಿ ಕೂತಿತು. ಇನ್ನೊಂದರ ಚೂಡಿ, ಅಂದರೆ ಸ್ಕ್ರೂವಿನ ಸುತ್ತು, ಎಷ್ಟು ತಿರುಗಿಸಿದರೂ ಒಳಗೆ ಹೋಗಲೊಲ್ಲದು.

"ಅರೆ ಅಕ್ಕಾ, ಎರಡೂ ಸೀದಾ ಚೂಡಿದ್ದೇ ಕೊಟ್ಟಾನ! ಈ ಕಡೀದು ಉಲ್ಟಾ ಚೂಡಿ ಬೇಕು, ಎಡಕ್ಕ ತಿರುಗಿಸಿದ್ರ ಬಿಗಿ ಆಗಾದು."

"ಅದನ್ನ ಮೊದಲು ಹೇಳಾಕ ಏನಾಗಿತ್ತೋ ನಿನಗ?"

"ಅಂಗಡ್ಯಾಂವಗ ಗೊತ್ತಿರ್ತದ ಅಂದ್ಕೊಂಡೆ."

ಶಿವನೇ! ಇವನಿಗೆ ಅವನ ಮೇಲೆ ನಂಬಿಕೆ, ಅವನಿಗೆ ನನ್ನ ಗಂಡನ ಮೇಲೆ ನಂಬಿಕೆ, ನಡುವೆ ಗಾಡಿ ಕಾಲು ಮುರಿದ ಎಮ್ಮೆಯ ಹಾಗೆ ಗಾಲಿ ಅಗಲಿಸಿ ಬಿದ್ದಿದೆ. ಹಳೆಯದನ್ನೇ ಹಾಕೋಣವೆಂದರೆ ಅದು ಒಡೆದಿದೆ. ರವಿವಾರ ಬಂದರೆ ಮನೆಯವರು ಹೊಲಕ್ಕೆ ಬರುತ್ತಾರೆ. ಈ ಸ್ಥಿತಿ ನೋಡಿದರೆ ಸಂಜೆಯೊಳಗೆ ಭಾವನವರನ್ನು ಕರೆಸುತ್ತಾರೆ.

ಜಹೀರಾಬಾದಿನವನು ಉಲ್ಟಾ ಚೂಡಿಯದು ಇಲ್ಲವೆಂದು ಕೈ ಎತ್ತಿದ. ನಾರಾಯಣಖೇಡದಲ್ಲಿ ಸಿಗುತ್ತದೆ ಎಂದ. ಒಡೆದ ಜಾಯಿಂಟನ್ನು ರೊಟ್ಟಿ ಕಟ್ಟುವ ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದಂದಿನಿಂದ ಆಧಾರ್ ಕಾರ್ಡು ತೋರಿಸಿದರೆ ಸೊನ್ನೆ ಟಿಕೆಟ್ಟು ಕೊಡುತ್ತಾರೆ, ಸೀಟು ಮಾತ್ರ ಯಾರೂ ಕೊಡುವುದಿಲ್ಲ. ದಾರಿಯುದ್ದಕ್ಕೂ ನಿಂತೇ ಹೋದೆ. ಖೇಡದ ಅಂಗಡಿಯವನು ಉಲ್ಟಾ ಚೂಡಿಯದನ್ನು ತೆಗೆದಿಟ್ಟಾಗ ಕೈ ಮುಗಿಯುವಷ್ಟು ಖುಷಿಯಾಯಿತು. ಪಕ್ಕದಲ್ಲಿ ಹಳೆಯದನ್ನಿಟ್ಟು ನೋಡಿದರೆ ಅದು ದೊಡ್ಡ ಟ್ರ್ಯಾಕ್ಟರಿನದು, ನನ್ನದರ ಎರಡರಷ್ಟು ದಪ್ಪ. "ಅಡ್ಜಸ್ಟ್ ಆಗ್ತದ ತಗೊಂಡ್ಹೋಗ್ರಿ" ಎಂದ. "ನಿಮ್ಮ ಕಾಲಿಗಿ ಆನಿ ಚಪ್ಪಲಿ ಅಡ್ಜಸ್ಟ್ ಆಗ್ತದೇನ್ರಿ?" ಎಂದು ಕೇಳಿ ಬಂದೆ. ಬರುವಾಗಲೂ ನಿಂತೇ ಬಂದೆ.

ಕಡೆಗೆ ಅದು ಸಿಕ್ಕಿದ್ದು ತಾಂಡೂರಿನಲ್ಲಿ, ಶನಿವಾರ. ಅಂಗಡಿಯವನು ಮೊದಲು ತೆಲುಗಿನಲ್ಲಿ ಇಲ್ಲವೆಂದ. ನಾನು ಸಿಟ್ಟು ತಡೆಯಲಾರದೆ ಕನ್ನಡದಲ್ಲಿ ಗೊಣಗಿದ್ದು ಕೇಳಿ, "ನಮ್ಮ ಕಡ್ಯಾವ್ರೇನ್ರಿ? ತಡೀರಿ, ಒಳಗ ನೋಡ್ತೀನಿ" ಎಂದು ಹೋದ. ಒಳಗೆ ನೋಡದೆಯೇ ಇಲ್ಲ ಎಂದಿದ್ದನೆಂಬುದು ಆಗ ತಿಳಿಯಿತು. ಧೂಳು ಹಿಡಿದ ಡಬ್ಬಿಯಿಂದ ಒಂದು ಜಾಯಿಂಟು ತಂದ. ನಾನು ಅಲ್ಲೇ ಅಳತೆ ಹಿಡಿದೆ, ಚೂಡಿಯ ದಿಕ್ಕನ್ನು ಬೆರಳಿನಿಂದ ಸವರಿ ನೋಡಿದೆ. ಸರಿಯಾಗಿತ್ತು. ಸೀರೆಯ ಮಡಿಕೆಗೆಲ್ಲ ಹತ್ತಿದ ಗ್ರೀಸು ಇವತ್ತಿಗೂ ಹೋಗಿಲ್ಲ.

ಅದೇ ಸಂಜೆ ಮಿಸ್ತ್ರಿ ಅದನ್ನು ಕೂಡಿಸಿ, ದಾರ ಹಿಡಿದು ಎರಡೂ ಗಾಲಿ ಸಮ ಮಾಡಿಕೊಟ್ಟ. ಬೆಳಗ್ಗೆ ಎದ್ದವಳೇ ಹೊಲಕ್ಕೆ ಹೋಗಿ ಒಂದು ಸಾಲು ಹೊಡೆದೆ. ಕೈ ಎಷ್ಟು ಹೇಳಿತೋ ಗಾಲಿ ಅಷ್ಟೇ ಕೇಳಿತು. ಸಾಲಿನ ಕೊನೆಗೆ ಹೋಗಿ ಹಿಂದೆ ತಿರುಗಿ ನೋಡಿದರೆ ಒಂದು ಸಸಿ ಅಲುಗಿರಲಿಲ್ಲ. ಇಷ್ಟು ದಿನ ಬೈಸಿಕೊಂಡ ಕೈಗಳನ್ನು ನೋಡಿಕೊಂಡು ಗಾಡಿಯ ಮೇಲೆಯೇ ಅತ್ತುಬಿಟ್ಟೆ.

ಮನೆಯವರು ಬಂದಾಗ ನನ್ನ ಸಾಲುಗಳು ಮುಗಿಯುತ್ತ ಬಂದಿದ್ದವು. ಅವುಗಳನ್ನು ನೋಡಿಯೂ ನೋಡದವರಂತೆ ನಿಂತರು. ಜಾಯಿಂಟು ಬದಲಿಸಿದ್ದನ್ನು ಹೇಳಿದೆ. "ನನ್ನ ಕೇಳದೆ ಏನೇನು ಕೆಡಿಸಿಟ್ಟಿದೀಯೋ, ಇಳಿ" ಎಂದು ತಾವು ಹತ್ತಿದರು.

ಆ ಸಡಿಲ ಒಂದೇ ದಿನಕ್ಕೆ ಬಂದದ್ದಲ್ಲ. ವರ್ಷ ವರ್ಷ ಇಷ್ಟಿಷ್ಟೇ ಬಂದಿತ್ತು, ಅವರ ಕೈಯೂ ಇಷ್ಟಿಷ್ಟೇ ಅದಕ್ಕೆ ಹೊಂದಿಕೊಂಡಿತ್ತು. ಗಾಲಿ ತಿರುಗುವ ಮೊದಲೇ ಅರ್ಧ ಸುತ್ತು ಜಾಸ್ತಿ ಕೊಟ್ಟು, ಥಟ್ಟನೆ ವಾಪಸು ಎಳೆಯುವುದು ಅವರ ರೂಢಿ. ಈಗಲೂ ಹಾಗೇ ಕೊಟ್ಟರು. ಗಾಡಿ ಸೀದಾ ಪಕ್ಕದ ಸಾಲಿಗೆ ನುಗ್ಗಿತು. ಎಳೆದರು, ಈಚೆಯ ಸಾಲಿಗೆ ನುಗ್ಗಿತು. ಹಾವು ಹರಿದಂತೆ ಅರ್ಧ ಹೊಲ ಹೋಗಿ ನಿಲ್ಲಿಸಿದಾಗ ಹಿಂದೆ ಎರಡೂ ಕಡೆ ತೊಗರಿ ಮಲಗಿತ್ತು.

ನಾನು ಬದುವಿನ ಮೇಲೆ ನಿಂತು ಕಾದೆ. ಇಷ್ಟು ದಿನದ ಅಲೆದಾಟಕ್ಕೆ ಒಂದೇ ಒಂದು ಮಾತು ಸಾಕಿತ್ತು ನನಗೆ. ಸ್ಟೇರಿಂಗೇ ಲೂಜಿತ್ತು ಎಂದರೆ ಸಾಕಿತ್ತು.

ಅವರು ಇಳಿದರು. ಕಿತ್ತ ಸಸಿಯೊಂದನ್ನು ಕೈಯಲ್ಲಿ ಹಿಡಿದು ನೋಡಿ ಎಸೆದರು. ಆಮೇಲೆ ಫೋನು ತೆಗೆದು ಅಣ್ಣನಿಗೆ ಹಚ್ಚಿದರು.

"ಅಣ್ಣಾ, ಪಾಲಿನ ಮಾತು ಬಿಡು. ಈಕಿ ಗಾಡಿ ಪೂರಾ ಕೆಡಿಸಿಟ್ಟಾಳ, ಸ್ಟೇರಿಂಗ್ ಹಿಡಿದ್ರ ಎಲ್ಲೆಲ್ಲೋ ಹೋಗ್ತದ. ನಿನಗೂ ಬರಲ್ಲ, ನನಗೂ ಬರಲ್ಲ. ಈಕಿ ಒಬ್ಬಾಕಿಗೇ ಬರ್ತದ. ಹೊಡಕೋಲಿ ಬಿಡು."

ಹೊಲ ನನಗೆ ಉಳಿಯಿತು. ಆ ಮಾತು ಇವತ್ತಿಗೂ ಬಂದಿಲ್ಲ. ಊರಲ್ಲಿ ಯಾರು ಕೇಳಿದರೂ ಅವರು ಇದನ್ನೇ ಹೇಳುತ್ತಾರೆ, ನಮ್ಮಾಕಿ ಕೆಟ್ಟ ಗಾಡಿ ಹೊಡೀತಾಳ ಅಂತ.