ತಗ್ಗು ತುಂಬಿದ ಮಳೆತೋಟ

ಗುಳು ಗುಳು ಎಂದು ಒಂದೆರಡು ಸಲ ಸದ್ದಾಗಿ ನಿಂತುಹೋಯಿತು. ಕಾಫಿ ಹಿಡಿದು ಕಿಟಕಿಯ ಬಳಿ ನಿಂತಿದ್ದ ಆರ್ಡಿಸ್ ಕಿವಿಗೊಟ್ಟಳು. ಮಳೆ ಸುರಿಯುತ್ತಲೇ ಇತ್ತು. ರಸ್ತೆಯ ನೀರು ಅಂಚುಗಲ್ಲಿನ ಕಂಡಿಯಿಂದ ಮಳೆತೋಟಕ್ಕೆ ಧುಮುಕುವ ಸದ್ದು ಮಾತ್ರ ಇಲ್ಲ.

ಅಮೆರಿಕದ ಮಿಲ್ವಾಕಿಯಲ್ಲಿ ಶಾಲೆಯ ಬಸ್ಸು ಓಡಿಸುವ ಆರ್ಡಿಸ್ ಕೂತಲ್ಲಿ ಕೂರುವವಳಲ್ಲ. ಮಳೆ ಬಂದರಂತೂ ನಿಂತಲ್ಲಿ ನಿಲ್ಲುವವಳೂ ಅಲ್ಲ. ಪಕ್ಕದ ಮನೆಯ ಲೈಲ್‌ನ ನೆಲಮಾಳಿಗೆಗೆ ನೀರು ನುಗ್ಗಿ, ತೀರಿಕೊಂಡ ಹೆಂಡತಿ ಹೊಲಿದಿಟ್ಟ ಕೌದಿಗಳು ಕೊಳೆತುಹೋದ ವರ್ಷ, ನಗರಸಭೆಯ ಬೆನ್ನುಹತ್ತಿ ರಸ್ತೆಬದಿಯಲ್ಲಿ ತಗ್ಗು ತೋಡಿಸಿ ಈ ಮಳೆತೋಟ ಮಾಡಿಸಿದವಳು ಅವಳೇ. ರಸ್ತೆಯ ನೀರು ಅಲ್ಲಿಳಿದು ಗಿಡಗಳ ಬೇರಿನ ನಡುವೆ ಇಂಗಬೇಕು. ಈಚೆಗೆ ಅದು ತೋಟವನ್ನು ದಾಟಿ ನೇರ ಲೈಲ್‌ನ ಮನೆಯತ್ತ ಹರಿಯುತ್ತಿತ್ತು. ಇವತ್ತು ನಗರಸಭೆಯವರ ತಪಾಸಣೆ. ಕೆಲಸಕ್ಕೆ ಬಾರದೆಂದು ಕಂಡರೆ ತೋಟ ಮುಚ್ಚಿ ಕಾಂಕ್ರೀಟು ಸುರಿಯುತ್ತಾರೆ.

ತಪಾಸಣೆಗೆ ಬಂದ ಪಲೋಮಾ ಮಳೆಯಲ್ಲೇ ತೋಟದಂಚಿಗೆ ಮಂಡಿಯೂರಿ ಕೋಲು ಚುಚ್ಚಿದಳು. ಕೋಲು ಇಳಿಯುತ್ತಲೇ ಹೋಯಿತು.

"ಗಿಡ ಎಲ್ಲಾ ಚೆನ್ನಾಗಿದೆ. ತಗ್ಗೇ ಇಲ್ವಲ್ಲ! ಇಷ್ಟೊಂದು ಮರದ ಚೂರು ಯಾರು ಹಾಕಿದ್ದು?"

ಹೊರಗೆ ಬಂದು ಅವಳ ಪಕ್ಕ ನಿಂತಿದ್ದ ಆರ್ಡಿಸ್ ಅತ್ತ ಇತ್ತ ನೋಡಿದಳು. ವಸಂತ ಬಂದರೆ ಈ ಬೀದಿಯವರೆಲ್ಲ ಕಳೆ ಬಾರದಿರಲೆಂದು ಗಿಡದ ಬುಡಕ್ಕೆ ಮರದ ಚೂರು ರಾಶಿ ಹಾಕುತ್ತಾರೆ, ಹಾಕದವರು ಸೋಮಾರಿಗಳೆಂದೇ ಲೆಕ್ಕ.

"ನಾನೇ!" ಜಗಲಿಯಿಂದ ಲೈಲ್ ಕೂಗಿದ. "ವರ್ಷಾ ವರ್ಷಾ ಹೊಸದು ಹಾಕ್ತೀನಿ. ಮದುವೆ ಕೇಕ್ ಇದ್ದಂಗಿಲ್ವಾ?"

"ಕೇಕ್ ಥರಾನೇ ಉಬ್ಬಿದೆ ಸರ್. ರಸ್ತೆಗಿಂತ ಎತ್ತರ ಆದ್ರೆ ನೀರು ಹತ್ತಿ ಬರುತ್ತಾ?"

ಲೈಲ್ ಮೆಟ್ಟಿಲಿಳಿದು ಬಂದ. ಟೋಪಿಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಅಂದ್ರೆ ನನ್ನ ಮನೆಗೆ ನೀರು ಬಿಟ್ಕೊಂಡಿದ್ದು ನಾನೇನಾ?"

"ಒಬ್ಬನೇ ಅಲ್ಲ ಕಣೋ," ಎಂದಳು ಆರ್ಡಿಸ್. "ನೀನು ಹಾಕ್ದೆ, ನಾನು ಇನ್ನೊಂದು ಗಾಡಿ ಹಾಕು ಅಂದೆ. ಮೇಲೆ ಚೆರಿ ಪೈ ಬೇರೆ ಮಾಡಿಕೊಟ್ಟೆ."

"ಆ ಪೈಯೂ ಸರಿಯಾಗಿ ಬೆಂದಿರಲಿಲ್ಲ."

ಪಲೋಮಾ ನಗು ತಡೆದುಕೊಂಡು ಎದ್ದಳು. "ಮುಂದಿನ ವಾರ ಮತ್ತೆ ಬರ್ತೀನಿ. ಅಷ್ಟರಲ್ಲಿ ತಗ್ಗು ಕಂಡ್ರೆ ತೋಟ ಉಳಿಯುತ್ತೆ, ಇಲ್ಲಾಂದ್ರೆ ಇಲ್ಲ. ಮಳೆ ನಿಂತ್ಮೇಲೆ ತೆಗೀರಿ."

ಲೈಲ್‌ನ ನೆಲಮಾಳಿಗೆಯ ಕಿಟಕಿಯ ಅಂಚಿಗೆ ನೀರು ಆಗಲೇ ಮುಟ್ಟಿತ್ತು. ಆರ್ಡಿಸ್ ಸಲಿಕೆ ಎತ್ತಿಕೊಂಡಳು.

"ನಿಂತ್ಮೇಲೆ ಏನು ಮಣ್ಣು! ಲೈಲ್, ತಳ್ಳುಗಾಡಿ ತಗೊಂಬಾ. ನಾನು ಈ ಕಂಡಿ ಹತ್ರದಿಂದ ಶುರು ಮಾಡ್ತೀನಿ, ನೀನು ಆ ಕಡೆಯಿಂದ ತೆಗಿ," ಎನ್ನುತ್ತಲೇ ಅವಳು ಸುರಿಯುವ ಮಳೆಯಲ್ಲೇ ಮೊದಲ ಸಲಿಕೆ ಮರದ ಚೂರು ಎತ್ತಿ ಹಾಕಿದಳು.