ಬಾಬುಲಾಲ ಬಿಗಿದದ್ದು, ರಜಾಕ ಬಿಚ್ಚಿದ್ದು

ಬೆಳಗಿನ ಆರು ಗಂಟೆ. ಇಂಡಿ ಪಟ್ಟಣದಲ್ಲಿ ಸಿಂದಗಿ ರಸ್ತೆಯ ಬದಿಯ ತಗಡಿನ ಶೆಡ್ಡು. ಹಳೆಯ ಜೀಪೊಂದರ ಕೆಳಗಿಂದ ಎರಡು ಕಾಲು ಮಾತ್ರ ಕಾಣುತ್ತವೆ. ಕಾಲಿನ ಒಡೆಯ ಅಬ್ದುಲರಜಾಕ, ವಯಸ್ಸು ಐವತ್ತೆರಡು. ಜೀಪು ಅರವತ್ತೆರಡರ ಮಾಡೆಲ್ಲು, ಅದಕ್ಕೀಗ ಮೂವತ್ತಾರು. "ಕೂಡ್ರಿ ಸಾಹೇಬ್ರ, ಎಣ್ಣಿ ಇಳ್ಯಾಕತ್ತೈತಿ" ಎಂದು, ಪತ್ರಿಕೆಗೆ ಬರೆಯಲು ಬಂದ ನನಗೆ ಒಳಗಿಂದಲೇ ಕೂಗಿ ಹೇಳುತ್ತಾರೆ.

ಜೀಪು ಲಚ್ಯಾಣದ ಚನ್ನಬಸಯ್ಯನವರದು. ಹತ್ತು ವರ್ಷದ ಹಿಂದೆ ಅದರ ಗೇರ್‌ಬಾಕ್ಸಿನ ಬೆನ್ನಿಗೆ ಓವರ್‌ಡ್ರೈವ್ ಕೂಡಿಸಿದ್ದರು. ಡಾಂಬರು ರಸ್ತೆಯಲ್ಲಿ ಇಂಜಿನ್ ಅರಚದೆ ಗಾಡಿ ಜೋರಾಗಿ ಓಡಲೆಂದು ಹಾಕುವ ಹೆಚ್ಚಿನ ಗೇರಿನ ಡಬ್ಬಿ ಅದು. ಈಗ ಜೀಪು ನಿಂಬೆಯ ಚೀಲ ಹೊತ್ತು ತೋಟದಿಂದ ಪೇಟೆಗೆ ಬಂದರೆ ಅದರ ಕೆಲಸ ಮುಗಿಯಿತು; ಹೊಲದ ದಾರಿಯಲ್ಲಿ ಡಬ್ಬಿಯ ಲಿವರು ತಾನಾಗಿ ಜಿಗಿಯುತ್ತದೆ. ತೆಗೆಸಬೇಕು. ಕೂಡಿಸಿದವರು ಬಸವನ ಬಾಗೇವಾಡಿಯ ಬಾಬುಲಾಲ. ರಜಾಕರಿಗೆ ಈ ಕೆಲಸ ಹಬ್ಬದೂಟವಾಗಿರುವುದು ಅದಕ್ಕೇ.

ಇಬ್ಬರೂ ವಿಜಾಪುರದ ಅಮೀನುದ್ದೀನ ಉಸ್ತಾದರ ಬಳಿ ಒಂದೇ ದಿನ ಪಾನಾ, ಅಂದರೆ ಸ್ಪ್ಯಾನರ್, ಹಿಡಿದು ಮೆಕ್ಯಾನಿಕ್ ಕೆಲಸಕ್ಕೆ ಇಳಿದವರು. ಮೂವತ್ತು ವರ್ಷದಲ್ಲಿ ಬಾಬುಲಾಲರಿಗೆ ಬಣ್ಣದ ಬೋರ್ಡು ಬಂತು, ಟೆಲಿಫೋನು ಬಂತು, ಆಲಮಟ್ಟಿ ಅಣೆಕಟ್ಟಿನ ಕೆಲಸದ ಜೀಪುಗಳು ಸಾಲುಗಟ್ಟಿದವು. ರಜಾಕರಿಗೆ ಬೋರ್ಡೇ ಇಲ್ಲ. ದಿನಕ್ಕೆ ಎರಡೋ ಮೂರೋ ಗಾಡಿ, ವಾರಕ್ಕೊಂದು ಗೇರ್‌ಬಾಕ್ಸು. "ಹೊಟ್ಟಿಕಿಚ್ಚೈತ್ರಿ, ಸುಳ್ಳ ಯಾಕ ಹೇಳ್ಲಿ? ಅಂವಾ ಪಾನಾ ಮುಟ್ಟಿದ್ರ ಸಾಕು, ಮಂದಿ ಕಲಾಕಾರ ಅಂತಾರ. ನಾ ಸತ್ತ ಇಂಜಿನ್ ಎಬ್ಬಿಸಿದ್ರೂ, ಅಡ್ಡಿಯಿಲ್ಲ ಅಂತಾರ." ಹೆಂಡತಿ ಮಾಬುಬಿ ಚಹಾ ಇಡುತ್ತ ನಗುತ್ತಾರೆ: "ಅವನ ಹೆಸರ ತಗೀಲಿಲ್ಲಂದ್ರ ಇವ್ರಿಗೆ ರೊಟ್ಟಿ ಇಳಿಯೂದಿಲ್ರಿ." ನಮ್ಮ ಪತ್ರಿಕೆಯ ಕಚೇರಿಯಲ್ಲಿ ಪಕ್ಕದ ಮೇಜಿನವನ ಹೆಸರು ದಪ್ಪಕ್ಷರದಲ್ಲಿ ಅಚ್ಚಾದ ದಿನ ನನಗೂ ಇಳಿಯುವುದಿಲ್ಲ. ನಾನು ಹೇಳಿಕೊಳ್ಳುವುದಿಲ್ಲ, ಅಷ್ಟೇ.

ಎಣ್ಣೆ ಇಳಿಯುತ್ತದೆ. ರಜಾಕರು ಬೋಲ್ಟು ಬಿಚ್ಚಿ ಡಬ್ಬಿಯನ್ನು ಹಿಂದಕ್ಕೆ ಜಗ್ಗುತ್ತಾರೆ, ಬಿಸಿಲಿಗೆ ಹಿಡಿದು ತಿರುವಿ ತಿರುವಿ ನೋಡುತ್ತಾರೆ. ಒಂದೇ ಒಂದು ತಪ್ಪು ಸಿಗಲಿ ಎಂಬ ಆಸೆ ಮುಖದ ಮೇಲೇ ಇದೆ. ಸಿಗುವುದಿಲ್ಲ. "ಹಲ್ಲು ಸವದಾವ, ಅದು ವಯಸ್ಸಿಂದು. ಫಿಟಿಂಗ್ ಮಾತ್ರ ಛಲೋ ಮಾಡ್ಯಾನ, ಹಲ್ಕಟ್ಟ!"

ನಿಜವಾದ ಸಂಕಟ ಶುರುವಾಗುವುದು ಆಮೇಲೆ. ಓವರ್‌ಡ್ರೈವ್ ಕೂಡಿಸುವಾಗ ಜೀಪಿನ ಮೂಲ ಗೇರೊಂದನ್ನು ಹೊರತೆಗೆಯುತ್ತಾರೆ. ಅದು ಮರಳಿ ಕೂರದಿದ್ದರೆ ಗಾಡಿ ಅಲುಗುವುದಿಲ್ಲ. ಆ ಗೇರು ಈಗ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಬೇರೆಯದು ತಂದರೆ ಹಳೆ ಹಲ್ಲಿಗೆ ಹೊಂದದೆ ಕಿರುಚುತ್ತದೆ. "ಬಾಬುಲಾಲಗ ಫೋನ್ ಹಚ್ಚೂಣೇನು ರಜಾಕಭಾಯಿ? ಅವನ ಕಡೆ ಇದ್ದೀತು" ಎನ್ನುತ್ತಾರೆ ಪಕ್ಕದಲ್ಲೇ ನಿಂತ ಚನ್ನಬಸಯ್ಯ. ರಜಾಕರು ಬೇಡವೆಂದು ಕೈಯಾಡಿಸುತ್ತಾರೆ. ಆ ಬಾಗಿಲಿಗೆ ಕೈಯೊಡ್ಡಿ ಹೋಗುವುದೆಂದರೆ ಅವರಿಗೆ ಮೂವತ್ತು ವರ್ಷದ ಮಾನ ಹೋದಂತೆ.

ಉಸ್ತಾದರದೊಂದು ಕಟ್ಟಳೆಯಿತ್ತು: ಗಾಡಿಯಿಂದ ತೆಗೆದದ್ದು ಗಾಡಿಯಲ್ಲೇ ಇರಬೇಕು, ಮುಂದೆ ಬಿಚ್ಚುವವನಿಗಾಗಿ. "ಬೋರ್ಡ್ ಹಾಕ್ಕೊಂಡಾಂವಗ ಅದೆಲ್ಲಿ ನೆನಪಿರ್ತೈತ್ರಿ?" ಎನ್ನುತ್ತಲೇ ಅವರು ಎಡಸೀಟಿನ ಕೆಳಗಿನ ಪೆಟ್ಟಿಗೆಗೆ ಕೈ ಹಾಕುತ್ತಾರೆ. ಜಾಕಿನ ಅಡಿಯಲ್ಲಿ ಬಟ್ಟೆಯ ಗಂಟು. ಬಿಚ್ಚಿದರೆ ಗ್ರೀಸು ಮೆತ್ತಿದ ಗೇರು, ತುಕ್ಕಿನ ಚುಕ್ಕೆಯೂ ಇಲ್ಲ. ಜೊತೆಗೆ ಅದರ ನಟ್ಟು, ವಾಷರು, ಮುಚ್ಚಳ. ರಜಾಕರು ನೆಲದ ಮೇಲೆ ಕೂತುಬಿಡುತ್ತಾರೆ. "ನನಕ್ಕಿಂತ ನೀಟ್ ಸುತ್ಯಾನ್ರಿ."

ಮಧ್ಯಾಹ್ನದೊಳಗೆ ಜೀಪು ಕಿರುಚದೆ ಓಡುತ್ತದೆ. ರಜಾಕರು ಓವರ್‌ಡ್ರೈವನ್ನು ಒರೆಸಿ, ಗ್ರೀಸು ಹಚ್ಚಿ ಬಟ್ಟೆಯಲ್ಲಿ ಸುತ್ತುತ್ತಾರೆ; ಮನಸ್ಸಿಗೆ ಬಾರದೆ ಬಿಚ್ಚಿ ಮತ್ತೆ ಸುತ್ತುತ್ತಾರೆ. ಮೂರು ಸಲ. ಜಾಕು ಸರಿಸಿ ಅದೇ ಪೆಟ್ಟಿಗೆಯಲ್ಲಿ ಇಡುತ್ತಾರೆ. ನಿಮಗೇನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ. ಬೋರ್ಡು ಎನ್ನುತ್ತಾರೆ ಅಂದುಕೊಂಡಿದ್ದೆ.

"ಈ ಪೆಟಗಿ ಒಂದಿನ ಬಾಬುಲಾಲ ತಗೀಬೇಕ್ರಿ" ಎಂದು ಮುಚ್ಚಳ ಒತ್ತುತ್ತಾರೆ. "ಅವನ ಹೊಟ್ಟಿನೂ ಒಂದೀಟು ಉರೀಲಿ."